ಬನ್ನಿ ಒಯ್ದ ಎಂಟು ಸಿಲಿಂಡರಿನ ಗಾಡಿ

ಮೊನ್ನೆ ಹೊಲಿಗೆ ಯಂತ್ರದ ಜಿಡ್ಡು ತೆಗೆಯಲೆಂದು ಅಟ್ಟದ ಮೇಲಿನ ಹಳೆಯ ಬಾಟಲಿಯೊಂದನ್ನು ಬಿಚ್ಚಿದೆ. ತಳದಲ್ಲಿ ಒಂದಿಷ್ಟು ಚಿಮಣಿ ಎಣ್ಣೆ, ಅದೇ ಸೀಮೆಎಣ್ಣೆ, ಉಳಿದಿತ್ತು. ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಂದಿ ಹಿಡಿದ ಕೈ ಅಲ್ಲೇ ನಿಂತಿತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಆ ವಾಸನೆ ಅಂದರೆ ಗಾಡಿ ಕಾಕಾ...

ಎದುರು ಮನೆಯವರು ಅವರು. ತಗಡಿನ ಶೆಡ್ಡಿನಲ್ಲಿ ಅಮೆರಿಕದ ಹಳೆಯ ಕಾರು, ಎಂಟು ಸಿಲಿಂಡರಿನದು, ಕೋಣದಂಥ ಮೂತಿಯದು. ರಾಮದುರ್ಗದ ಕಡೆಯ ಸಾಹುಕಾರರೊಬ್ಬರಿಂದ ಅವರಪ್ಪ ಕೊಂಡದ್ದಂತೆ. ಅಪ್ಪ ಸಾಯುವಾಗ ಕೀಲಿಕೈಯನ್ನು ಕಿರಿಮಗನಾದ ಕಾಕಾನ ಕೈಗಿಟ್ಟರು. ಮುನವಳ್ಳಿಯಲ್ಲಿದ್ದ ಕಾಕಾನ ಅಣ್ಣನಿಗೆ ಅದು ಚುಚ್ಚಿತು. "ನಿನ್ನ ಕೈಯಾಗ ಇದು ತುಕ್ಕು ಹಿಡೀತೈತಿ, ಬರದಿಟ್ಟಕೋ" ಎಂದವರು ತಮ್ಮನೊಡನೆ ಮತ್ತೆ ಮಾತಾಡಲಿಲ್ಲ. ದಸರೆಯ ದಿನ ಅದೇ ಗಾಡಿಯಲ್ಲಿ ಹೋಗಿ ಅಣ್ಣನ ಕೈಗೆ ಬನ್ನಿ ಎಲೆ ಕೊಟ್ಟು ರಾಜಿಯಾಗಬೇಕು, ಕಾಕಾನಿಗೆ ಅದೊಂದೇ ಹಂಬಲ.

ಒಂದು ಕಡೆ ಕೂತ ಮನುಷ್ಯರೇ ಅಲ್ಲ ಅವರು. ಕಾರ್ಬುರೇಟರ್ ಬಿಚ್ಚಿ ಚಿಮಣಿ ಎಣ್ಣೆಯ ತಾಟಿನಲ್ಲಿ ಮುಳುಗಿಸುವುದು, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕುವುದು, ಸಣ್ಣ ತೂತುಗಳಿಗೆ ಬಾಯಿಟ್ಟು ಊದಿ ಬಿಸಿಲಿಗೆ ಹಿಡಿದು ನೋಡುವುದು, ವಾಲ್ವಿಗೆ ಅಂಟಿದ ಕರಿ ಕೆರೆಯುವುದು... ಹಿತ್ತಾಳೆಯ ಭಾಗಗಳಿಗೆ ಹುಣಸೇಹಣ್ಣು. "ಸಾರಿಗೆ ಹುಣಸಿಹಣ್ಣಿಲ್ಲ, ಎಲ್ಲಾ ಗಾಡೀನ ನುಂಗೇತಿ!" ಎಂದು ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಕೂಗುತ್ತಿದ್ದರು. ಗಣಪತಿ ಹಬ್ಬದ ಹೊತ್ತಿಗೆ ಎಂಜಿನ್ ಗುಡುಗುತ್ತಿತ್ತು, ಓಣಿಯ ನಾಯಿಗಳೆಲ್ಲ ದಿಕ್ಕಾಪಾಲು. ಇನ್ನೇನು ದಸರೆ ಬಂತು ಎನ್ನುವಾಗ ಮತ್ತೆ ಎಲ್ಲ ಬಿಚ್ಚಿ ಅಂಗಳದಲ್ಲಿ ಹರವಿ ಕೂಡುತ್ತಿದ್ದರು. ಪ್ರತಿ ವರ್ಷ ಇದೇ ಹಾಡು. ನನಗೆ ಮೈ ಉರಿಯುತ್ತಿತ್ತು.

"ಬಸ್ಸಿಗೆ ಹೋಗಿ ಬರ್ರಲ್ಲ, ಕಾಕಾ," ಎಂದೆ ಒಮ್ಮೆ.

"ಒಳಗ ಇನ್ನಾ ಕರಿ ಐತವ್ವಾ," ಅಂದರು, ಮುಖ ಎತ್ತದೆ.

ಅಣ್ಣ ಬನ್ನಿ ಈಸಿಕೊಳ್ಳದಿದ್ದರೆ ಎಂಬ ಅಂಜಿಕೆ ಅದು. ಅವರೊಬ್ಬರನ್ನು ಬಿಟ್ಟು ಓಣಿಗೆಲ್ಲ ಗೊತ್ತಿತ್ತು.

ಕೊನೆಗೊಂದು ವರ್ಷ ಕಾಕು ಉಪಾಯ ಮಾಡಿದರು. ಕಾಕಾ ಬಿಚ್ಚಲು ಕೂಡುವ ಮೊದಲೇ, ಖಂಡೆನವಮಿಯ ಬೆಳಗ್ಗೆ, ಆಯುಧಪೂಜೆಯ ಹೊತ್ತಿಗೆ, ಗಾಡಿಗೂ ಪಾನಾ, ಇಕ್ಕಳದ ಪೆಟ್ಟಿಗೆಗೂ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೇ ಬಿಟ್ಟರು. ಪೂಜೆಗಿಟ್ಟದ್ದನ್ನು ಬನ್ನಿ ತರುವ ತನಕ ಎತ್ತುವಂತಿಲ್ಲ; ನಮ್ಮ ಕಡೆ ಕುಡಗೋಲನ್ನೂ ಮುಟ್ಟುವುದಿಲ್ಲ.

"ಮುಟ್ಟೀರಿ ಮತ್ತ! ಪೂಜಿ ಆಗೇತಿ."

ಅಯ್ಯೋ, ಅವತ್ತಿನ ಕಾಕಾನ ಒದ್ದಾಟ! ಕಟ್ಟೆಗೆ ಕೂತರು, ಎದ್ದರು, ಶೆಡ್ಡಿಗೆ ಹೋದರು, ಬಂದರು. ಕೈ ಎಲ್ಲಿಡಬೇಕೋ ತಿಳಿಯದೆ, ಕೊಳೆಯೇ ಇಲ್ಲದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ನಗು ಬಂತು, ಪಾಪವೂ ಅನ್ನಿಸಿತು.

ಮರುದಿನ ಬನ್ನಿ ತಂದದ್ದಾಯಿತು, ಹೇಳಲು ನೆಪ ಉಳಿದಿರಲಿಲ್ಲ. ಗಾಡಿ ಚಾಲೂ ಆಯಿತು. ಹಿಂದಿನ ಸೀಟಿನಲ್ಲಿ ಕಾಕು, ನಾನು. ದಾರಿಯುದ್ದಕ್ಕೂ ಕಾಕಾನ ಬೆರಳುಗಳು ಸ್ಟೀರಿಂಗಿನ ಮೇಲೆ ಕುಣಿಯುತ್ತಿದ್ದವು. ಮುನವಳ್ಳಿಯಲ್ಲಿ ಹಾರ್ನ್ ಹೊಡೆಯುವ ಮೊದಲೇ ಅಣ್ಣ ಬಾಗಿಲಿಗೆ ಬಂದು ನಿಂತಿದ್ದರು. ಸಪ್ಪಳದ ಗುರುತು ಸಿಕ್ಕಿರಬೇಕು. ಎಂಜಿನ್ ಬಂದ್ ಮಾಡುವುದನ್ನೂ ಮರೆತು ಇಳಿದ ಕಾಕಾ ಬನ್ನಿ ಚಾಚಿದರು. 'ಬನ್ನಿ ತಗೊಂಡು ಬಂಗಾರದ್ಹಂಗ ಇರೂನು' ಎನ್ನಬೇಕು, 'ಬನ್ನಿ, ಅಣ್ಣಾ' ಅಂದರು ಅಷ್ಟೇ. ಅಣ್ಣ ಬನ್ನಿ ಈಸಿಕೊಂಡರು. ತಲೆ ವಾಲಿಸಿ ಎಂಜಿನ್ನಿಗೆ ಕಿವಿಗೊಟ್ಟರು.

"ಒಂದು ಸಿಲಿಂಡರ್ ಮಿಸ್ ಹೊಡ್ಯಾಕ್ಹತ್ತೈತಲ್ಲೋ."

"ಹೌದಣ್ಣಾ... ಬಿಚ್ಚಾಕ ಬಿಡಲಿಲ್ಲ ಇಕಿ."

"ಇರ್ಲಿ. ದೀಪಾವಳಿಗೆ ಬಾ, ಇಬ್ಬರೂ ಕೂಡಿ ನೋಡೂನು."

ಕಾಕಾ ಗಾಡಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು.

ದೀಪಾವಳಿಯ ಮೊದಲೇ ಕಾಕಾ ಹೋಗಿಬಿಟ್ಟರು. ಎದೆನೋವು ಅಂದರಂತೆ, ಅಷ್ಟೇ...

ಕೀಲಿಕೈಯನ್ನು ಕಾಕು ಅಣ್ಣನಿಗೇ ಕೊಟ್ಟರು. ಈಗ ದಸರೆಗೊಮ್ಮೆ ಅದೇ ಗಾಡಿಯಲ್ಲಿ ಅವರು ಕಾಕುಗೆ ಬನ್ನಿ ಕೊಡಲು ಬರುತ್ತಾರೆ. ಗಾಡಿ ಫಳಫಳ ಹೊಳೆಯುತ್ತದೆ, ಸಪ್ಪಳ ಮಾತ್ರ ನಡುವೆ ಒಂದೊಂದು ಏಟು ತಪ್ಪುತ್ತದೆ. ಹೋದ ವರ್ಷ ತಡೆಯಲಾರದೆ ಕೇಳಿಯೇ ಬಿಟ್ಟೆ, "ಮಿಸ್ ಹೊಡಿಯೂದು ಇನ್ನಾ ಸರಿ ಮಾಡ್ಸಿಲ್ಲೇನ್ರಿ?"

"ಇಬ್ಬರೂ ಕೂಡಿ ನೋಡೂನು ಅಂದಿದ್ದೆವ್ವಾ," ಅಂದರು. "ನಾ ಒಬ್ಬನ ಹೆಂಗ ಬಿಚ್ಚಲಿ?"

ಆ ಚಿಮಣಿ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿ ಇಟ್ಟಿದ್ದೇನೆ. ಮತ್ತೆ ದಸರೆ ಬಂತು. ಏಟು ತಪ್ಪುವ ಆ ಸಪ್ಪಳ ಕೇಳೀತೇ ಎಂದು, ಕೂತಲ್ಲಿ ಕೂರಲಾಗದೆ ಬಾಗಿಲಿಗೆ ಹೋಗಿ ಬಂದು ಮಾಡುತ್ತಿದ್ದೇನೆ. ಕಾಕಾ ಇರಬೇಕಿತ್ತು.