ನಾಲ್ಕು ವರ್ಷ ತಡವಾದ ಬಾಣಂತನ

ದೊಡ್ಡಬಳ್ಳಾಪುರದಲ್ಲಿ ನಾನು ಮೊದಲು ಕುಡಿದ ನೀರು ನಡುಗುತ್ತಿತ್ತು. ಮದುವೆಯಾಗಿ ಬಂದ ದಿನ, ಮಧ್ಯಾಹ್ನ, ಹೊಸಿಲು ದಾಟಿ ಕೂತವಳ ಕೈಗೆ ಯಾರೋ ಚೊಂಬು ಕೊಟ್ಟರು. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ನನ್ನ ಕೈಯೇ ನಡುಗುತ್ತಿದೆ ಎಂದುಕೊಂಡು ಚೊಂಬನ್ನು ನೆಲಕ್ಕಿಟ್ಟೆ. ಉಂಗುರ ನಿಲ್ಲಲಿಲ್ಲ. ನಡುಗುತ್ತಿದ್ದದ್ದು ನೆಲ. ಗೋಡೆಯಾಚೆ ನಮ್ಮ ಮನೆಯ ನಾಲ್ಕು ಕರೆಂಟು ಮಗ್ಗಗಳು ಓಡುತ್ತಿದ್ದವು, ಪಕ್ಕದ ಮನೆಯಲ್ಲಿ ಆರು, ಎದುರು ಸಾಲಿನಲ್ಲಿ ಇನ್ನೆಷ್ಟೋ. ದಪ್ಪನೆಯ ಹೆಂಗಸೊಬ್ಬರು ನನ್ನ ಮುಖದ ಹತ್ತಿರ ಬಾಯಿ ತಂದು ಕೂಗಿದರು. ಬಂದ ಗಳಿಗೆಯಲ್ಲೇ ಬೈಗುಳ ಶುರುವಾಯಿತೆಂದು ನನಗೆ ಅಳು ಬಂತು. ಅವರು ಕೇಳಿದ್ದು ಊಟ ಆಯಿತಾ ಎಂದಂತೆ. ಅವರೇ ನನ್ನ ಅತ್ತೆ, ಪುಟ್ಟಲಕ್ಷ್ಮಮ್ಮ.

ಗುಳೇದಗುಡ್ಡದ ನನ್ನ ಅಕ್ಕತಂಗಿಯರೇ, ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ನನ್ನ ಪಾಲಿಗೆ ಇದು ಬೇರೆಯೇ ದೇಶ. ನಮ್ಮಲ್ಲಿ ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯುತ್ತಿದ್ದರೆ ಅವ್ವ ಪಕ್ಕದಲ್ಲಿ ನೂಲು ಸುತ್ತುತ್ತ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಇಲ್ಲಿ ಮಗ್ಗ ಓಡುವಾಗ ಮಾತೆಲ್ಲ ಕೈಸನ್ನೆಯಲ್ಲಿ. ಹಸಿವು, ನೀರು, ಮಗು ಅಳುತ್ತಿದೆ, ಎಲ್ಲಕ್ಕೂ ಒಂದೊಂದು ಸನ್ನೆ. ಅಲ್ಲಿ ಜೋಳದ ರೊಟ್ಟಿ, ಇಲ್ಲಿ ರಾಗಿ ಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅಗಿದೆ, ಮನೆಮಂದಿಯೆಲ್ಲ ನಕ್ಕರು. "ಹೌದ್ರಿ" ಎಂದರೆ ನಕ್ಕರು, "ಬರ್ರಿ" ಎಂದರೆ ಇನ್ನಷ್ಟು ನಕ್ಕರು. ಎರಡು ತಿಂಗಳಲ್ಲಿ ಮುದ್ದೆ ನುಂಗುವುದನ್ನು ಕಲಿತೆ.

ಒಂದೇ ವಿಷಯದಲ್ಲಿ ಯಾರೂ ನಗಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ನಾವು ಇದನ್ನು ಕೆಚ್ಚುವುದು ಎನ್ನುತ್ತೇವೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಮಗ್ಗಕ್ಕೆ ಕರೆಂಟು ಬಂದರೂ ಈ ಕೆಲಸಕ್ಕೆ ಬೆರಳೇ ಬೇಕು. ಏಳು ವರ್ಷದವಳಿದ್ದಾಗಿನಿಂದ ಅಪ್ಪನ ಜೊತೆ ಕೂತು ಕಲಿತ ವಿದ್ಯೆ ಅದು. ಇಲ್ಲಿಯವರು ಎರಡು ದಿನ ತಿಣುಕುತ್ತಿದ್ದುದನ್ನು ನಾನು ಬೆಳಿಗ್ಗೆ ಕೂತರೆ ಸಂಜೆಗೆ ಮುಗಿಸುತ್ತಿದ್ದೆ. ಅತ್ತೆ ಬೀದಿಯವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಗುಳೇದಗುಡ್ಡದೋಳ ಬಾಯಿ ಒರಟು, ಬೆರಳು ಮಾತ್ರ ಬಂಗಾರ ಕಣ್ರೀ." ಆ ಬಂಗಾರವೇ ನನಗೆ ಮುಳುವಾಯಿತು.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಅಲ್ಲಿಯೂ ಇಲ್ಲಿಯೂ ಒಂದೇ. ನನ್ನ ನಾದಿನಿ ಸರೋಜಳನ್ನು ನೆಲಮಂಗಲದಾಚೆ, ಶಿವಗಂಗೆ ಬೆಟ್ಟ ಕಾಣುವ ಒಂದು ಊರಿಗೆ ಕೊಟ್ಟಿದ್ದರು. ಅವಳೂ ಬಸುರಿ. ಏಳನೆಯ ತಿಂಗಳಿಗೆ ಅವಳು ತವರಿಗೆ ಬಂದಳು. ನಾನು ಟ್ರಂಕು ಕಟ್ಟಿಕೊಂಡು ಕಾಯುತ್ತಿದ್ದೆ. ಮದುವೆಗಳ ಕಾಲ, ಸೀರೆಗೆ ಗಿರಾಕಿ ಜಾಸ್ತಿ, ಮಗ್ಗಗಳಿಗೆ ಬಿಡುವಿಲ್ಲ.

"ಅಷ್ಟು ದೂರ ರೈಲಲ್ಲಿ ಕುಲುಕಾಡ್ಕೊಂಡು ಯಾಕೆ ಹೋಗ್ತೀಯೇ? ನನಗೆ ಸರೋಜ ಬೇರೆ, ನೀನು ಬೇರೆನಾ? ಇಬ್ರಿಗೂ ಒಟ್ಟಿಗೇ ಬಾಣಂತನ ಮಾಡ್ತೀನಿ" ಎಂದರು ಅತ್ತೆ. ನಮ್ಮ ಮನೆಯವರನ್ನು ನೋಡಿದೆ. ಅವರು ಒಳ್ಳೆಯವರು, ಅಮ್ಮನ ಮುಂದೆ ಮಾತ್ರ ಬಾಯಿಗೆ ಬೀಗ. "ಅಮ್ಮ ಮಾಡ್ತೀನಿ ಅಂತಾರಲ್ಲ" ಎಂದು ಮಗ್ಗದ ಕಡೆ ಹೋದರು. ನಾನು ನಂಬಿದೆ. ನಂಬಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಸರೋಜ ಹೆತ್ತ ಎಂಟು ದಿನಕ್ಕೆ ನಾನು ಗಿರಿಜೆಯನ್ನು ಹೆತ್ತೆ. ಹಿಂದಿನ ಕೋಣೆಯಲ್ಲಿ ಸರೋಜಳಿಗೆ ಮಂಚ, ಮಂಚದ ಕೆಳಗೆ ಕೆಂಡ, ಮೈಗೆ ಹರಳೆಣ್ಣೆ, ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ತುಪ್ಪ. ಮೂರು ತಿಂಗಳು ಅವಳು ನೆಲಕ್ಕೆ ಕಾಲೂರಲಿಲ್ಲ. ನನ್ನ ಬಾಣಂತನ ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಅತ್ತೆ ಬಂದು ನಿಂತರು. "ಮಗ್ಗ ನಿಂತೋಗಿದೆ. ಕೂತ್ಕೊಂಡು ಮಾಡೋ ಕೆಲ್ಸ ತಾನೆ?" ಮಗ್ಗದ ಮನೆಯಲ್ಲೇ ಸೀರೆಯ ಜೋಲಿ ಕಟ್ಟಿ ಗಿರಿಜೆಯನ್ನು ಮಲಗಿಸಿ, ಬೆನ್ನು ಬಗ್ಗಿಸಿ ಎಳೆ ಕೂಡಿಸಲು ಕೂತೆ. ಅದು ಮುಗಿದರೆ ಸರೋಜಳ ನೀರೊಲೆಗೆ ಸೌದೆ ತುರುಕುವ ಕೆಲಸವೂ ನನ್ನದೇ.

ಒಂದು ದಿನ ಸರೋಜ ಮಗುವಿಗೆ ಹಾಲು ಕೊಡುತ್ತ ಮುಗ್ಧವಾಗಿ ಕೇಳಿದಳು, "ಅತ್ತಿಗೆ, ನಿಮ್ಮಮ್ಮ ಕಳ್ಸಿದ ಉಂಡೆ ಎಷ್ಟು ಚೆನ್ನಾಗಿತ್ತು! ಇನ್ನೂ ಇದ್ಯಾ?"

ನಾನು ಯಾವ ಉಂಡೆಯನ್ನೂ ಕಂಡಿರಲಿಲ್ಲ. ಬೆಂಗಳೂರಿಗೆ ಖಣ ಮಾರಲು ಬಂದವರ ಕೈಯಲ್ಲಿ ಅವ್ವ ಒಂದು ಡಬ್ಬಿ ತುಂಬ ಅಂಟಿನುಂಡಿ ಕಳಿಸಿದ್ದಳಂತೆ. ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ, ಮಗಳ ಸೊಂಟ ಗಟ್ಟಿಯಾಗಲಿ ಎಂದು ಕಟ್ಟಿದ ಉಂಡೆ. ಅತ್ತೆಯನ್ನು ಕೇಳಿದೆ. "ನಿನಗೆ ಉಷ್ಣ ಆಗುತ್ತೆ ಅಂತ ಕೊಡ್ಲಿಲ್ಲ ಕಣೇ" ಎಂದರು, ಮುಖ ಕೂಡ ತಿರುಗಿಸದೆ. ಆ ದಿನ ನಾನು ಅಳಲಿಲ್ಲ. ಈ ಹೆಂಗಸಿನ ಮೇಲೆ ಸೇಡು ತೀರಿಸಿಕೊಳ್ಳದೆ ಸಾಯಬಾರದು ಎಂದುಕೊಂಡೆ.

ಆದರೆ ಸಾಯುವ ದಾರಿಯಲ್ಲೇ ಇದ್ದೆ. ಒಂದು ವರ್ಷವಾಯಿತು, ಎರಡಾಯಿತು, ನಾಲ್ಕಾಯಿತು. ಬಗ್ಗಿದರೆ ಏಳಲು ಗೋಡೆ ಹಿಡಿಯಬೇಕು. ಬಾಚಿದರೆ ಕೂದಲು ಕೈಗೇ ಬರುತ್ತಿತ್ತು. ನಿದ್ದೆಯಿಲ್ಲ. ರುಬ್ಬುಗುಂಡಿನ ಮುಂದೆ ಕೂತರೆ ಯಾಕೆ ಕೂತೆನೆಂದು ಮರೆತುಹೋಗುತ್ತಿತ್ತು. ಒಂದು ಮಧ್ಯಾಹ್ನ ಗಿರಿಜೆ ನೀರು ಕೇಳಿದಳು. ನೀರು ಕೇಳಿದ್ದಕ್ಕೆ ಅವಳ ಕೆನ್ನೆಗೆ ಹೊಡೆದೆ. ಹೊಡೆದ ಕೈ ನನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗು ಅಳದೆ ಸುಮ್ಮನೆ ನನ್ನನ್ನು ನೋಡಿತು, ಯಾರೋ ಪರಕೀಯಳನ್ನು ನೋಡುವ ಹಾಗೆ. ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿಯ ನರ್ಸಮ್ಮ ಕಣ್ಣರೆಪ್ಪೆ ಎಳೆದು ನೋಡಿ, "ರಕ್ತಾನೇ ಇಲ್ವಲ್ಲಮ್ಮ ನಿನ್ನಲ್ಲಿ. ಈ ವಯಸ್ಸಿಗೇ ಹಿಂಗಾದ್ರೆ ಮಗು ಗತಿ ಏನು? ಮಾತ್ರೆ ಕೊಡ್ತೀನಿ, ಆದ್ರೆ ಮೈಗೆ ವಿಶ್ರಾಂತಿ ಕೊಡೋದು ನಾನಲ್ಲ, ನೀನೇ" ಎಂದರು.

ಮನೆಗೆ ಬಂದು ಹೇಳಿದರೆ ಅತ್ತೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ತೀರ್ಪು ಕೊಟ್ಟರು. "ಬಾಣಂತನದಲ್ಲಿ ಹಿಡಿದ ಸೊಂಟ ಇನ್ನೊಂದು ಬಾಣಂತನದಲ್ಲೇ ಬಿಡೋದು. ಇನ್ನೊಂದು ಹೆತ್ಬಿಡು, ಎಲ್ಲ ಸರಿಹೋಗುತ್ತೆ."

ಈ ಮಾತನ್ನು ಹಿಂದೆಯೂ ಕೇಳಿದ್ದೆ. ಆ ದಿನ ಮಾತ್ರ, ಅದು ಕತ್ತಿಯಾದರೆ ಅದರ ಹಿಡಿ ನನ್ನ ಕಡೆಗಿರುವುದು ಕಂಡಿತು. ಬಾಣಂತನ ಬೇಕು, ಸರಿ. ಅದಕ್ಕೆ ಹೆರಲೇಬೇಕೆಂದು ಯಾರು ಹೇಳಿದರು?

ನಾನು ಕಾದೆ. ನಾಲ್ಕು ಮಗ್ಗಗಳಲ್ಲಿ ಮೂರರ ಹಾಸು ಒಟ್ಟಿಗೇ ಮುಗಿಯುವ ವಾರ ಬಂತು. ಹೊಸ ಹಾಸುಗಳು ಬಂದು ಕೂತವು. ಆ ಬೆಳಿಗ್ಗೆ ನಾನು ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಹೊಟ್ಟೆಗೆ ಹಳೆ ಸೀರೆ ಬಿಗಿದು, ಹಿಂದಿನ ಕೋಣೆಯಲ್ಲಿ ಸರೋಜ ಮಲಗಿದ್ದ ಮಂಚದ ಮೇಲೆ ಮಲಗಿದೆ.

"ಏನೇ ಇದು ನಾಟ್ಕ? ಹಾಸು ಕಾಯ್ತಾ ಕೂತಿದೆ!"

"ನಾ ಬಾಣಂತಿ ಅದೀನ್ರಿ ಅತ್ತಿ. ಬಾಣಂತಿ ಹಾಸ ಕೆಚ್ಚಬಾರ್ದು."

"ಥೂ, ಏನ್ ಮಾತೂಂತ ಆಡ್ತೀಯ! ಮಗೂಗೆ ನಾಲ್ಕು ವರ್ಷ ಆಯ್ತು!"

"ಹನ್ನೊಂದ ದಿನ ಆಗೇತಿ. ಉಳಿದದ್ದು ಬಾಕಿ ಐತಿ. ಸರೋಜಗ ಹೆಂಗ ಮಾಡಿದ್ರೋ ಹಂಗ ಮಾಡ್ರಿ. ನಿಮ್ಮ ಕೈಲೇನ ಎಣ್ಣಿ ಹಚ್ಚಿ ನೀರ ಹಾಕ್ರಿ. ಅಲ್ಲೀತನಾ ನಾ ಏಳೂದಿಲ್ಲ."

ಸುದ್ದಿ ಬೀದಿಗೆ ಹಬ್ಬಿತು. ನಾಲ್ಕು ವರ್ಷದ ಮಗುವಿನ ಬಾಣಂತಿಯನ್ನು ನೋಡಲು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಸೆರಗಿನಲ್ಲಿ ನಗುತ್ತ ಬಂದವರು ನನ್ನ ಕಥೆ ಕೇಳಿ ನಗು ಮರೆತರು. ಒಬ್ಬಾಕೆ ಅತ್ತೆಗೆ ಕೇಳುವ ಹಾಗೆಯೇ ಹೇಳಿದಳು, "ಸ್ವಲ್ಪ ಆ ಕಡೆ ಸರ್ಕೊಳ್ಳಮ್ಮ, ನಂದೂ ಒಂದು ಬಾಣಂತನ ಹಂಗೇ ಉಳ್ಕೊಂಡಿದೆ." ಅತ್ತೆಯ ಮುಖ ನೋಡಬೇಕಿತ್ತು. ನಾನಂತೂ ಕಣ್ತುಂಬ ನೋಡಿದೆ.

ಕೂಲಿಗೂ ಯಾರೂ ಸಿಗದೆ ನಮ್ಮ ಮನೆಯವರು ತಾವೇ ಕೆಚ್ಚಲು ಕೂತರು. ಅವಸರದಲ್ಲಿ ಸಂಜೆಯೊಳಗೆ ಕೂಡಿಸಿದ್ದು ಮಗ್ಗ ಓಡಿಸಿದ ಕೂಡಲೇ ಪಟಪಟನೆ ಕಿತ್ತುಬಂತು. ಎರಡು ದಿನ ಕಳೆಯಿತು. ಮದುವೆಯಾದ ಮೇಲೆ ಮೊದಲ ಸಲ ಆ ಮನೆಯ ನೆಲ ಹೆಚ್ಚು ನಡುಗಲಿಲ್ಲ. ಮೂರನೆಯ ದಿನ ನಮ್ಮ ಮನೆಯವರು ಅಮ್ಮನೆದುರು ನಿಂತು, ನಾನು ಆವರೆಗೆ ಕೇಳದ ದನಿಯಲ್ಲಿ, "ನೀರು ಕಾಯ್ಸಮ್ಮ" ಎಂದರು.

ಬಚ್ಚಲಲ್ಲಿ ಮಣೆಯ ಮೇಲೆ ಕೂತೆ. ಅತ್ತೆಯ ಕೋಪವೆಲ್ಲ ಅಂಗೈಗೆ ಇಳಿದಿತ್ತು. ಹಿಟ್ಟು ನಾದುವಂತೆ ನನ್ನ ಸೊಂಟ ನಾದಿದರು. ತಣ್ಣೀರು ಬೆರೆಸದೆ ಸುಡುಸುಡು ನೀರನ್ನು ಬೆನ್ನಿಗೆ ಬೀಸಿ ಹೊಡೆದರು. ಉರಿಯಲಿ ಎಂದೇ ಹೊಡೆದರು. ನನಗೆ ಬೇಕಾದದ್ದೂ ಅದೇ. ನಾಲ್ಕು ವರ್ಷ ಬಿಗಿದುಕೊಂಡಿದ್ದ ಬೆನ್ನು ಒಂದೊಂದೇ ಗಂಟು ಬಿಚ್ಚುತ್ತಿದ್ದಾಗ ಹಿಂದಿನಿಂದ ಅವರ ದನಿ ಕೇಳಿತು.

"ನಂಗೆ ಯಾರು ಹಾಕಿದ್ರು? ಮೂರು ಹೆತ್ತೆ. ಮೂರಕ್ಕೂ ಒಂಬತ್ತನೇ ದಿನ ಎದ್ದು ನೂಲು ಸುತ್ತಿದೀನಿ."

ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. "ನೀವೂ ಮಲಗಬೇಕಿತ್ರಿ ಅತ್ತಿ" ಎಂದೆ. ತನಗಾದ ಅನ್ಯಾಯವನ್ನು ಅವರು ಮಗಳಿಗೆ ತಪ್ಪಿಸಿದರು, ಸೊಸೆಗೆ ದಾಟಿಸಿದರು. ಅಷ್ಟಕ್ಕೆ ಕರಗಲು ನಾನೇನು ಬೆಲ್ಲವೇ?

ಮೊದಲ ನೀರಾದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಕೂತು ಎಳೆ ಕೂಡಿಸಿದೆ, ನನಗೆ ಸಾಕೆನ್ನಿಸಿದ ಕೂಡಲೇ ಏಳುವ ಕರಾರಿನ ಮೇಲೆ. ಉಳಿದಂತೆ ನಲವತ್ತು ದಿನ ಬಾಣಂತಿಯ ಒಂದು ನಿಯಮವನ್ನೂ ಬಿಡಲಿಲ್ಲ. ನೀರು ಹಾಕಿಸಿಕೊಂಡು ಹೊದ್ದು ಮಲಗಿದೆ, ಬೆವರು ಕಿತ್ತು ಬರುವವರೆಗೆ. ಮೆಣಸಿನ ಸಾರು, ತುಪ್ಪದನ್ನ ಉಂಡೆ. ನರ್ಸಮ್ಮನ ಮಾತ್ರೆ ನುಂಗಿದೆ. ಬಾಣಂತಿಯ ಹತ್ತಿರ ಜೋರು ಮಾತಾಡಬಾರದಲ್ಲ? ಓಡುವ ಮಗ್ಗಗಳ ನಡುವೆ ಮೆಲ್ಲಗೆ ಆಡಿದ ಮಾತು ಕೇಳುವುದೇ ಇಲ್ಲ. ಹಾಗಾಗಿ ನಲವತ್ತು ದಿನ ಅತ್ತೆಯ ಒಂದು ಬೈಗುಳವೂ ನನ್ನ ಕಿವಿಗೆ ಬೀಳಲಿಲ್ಲ. ಮನಸ್ಸಿಗೆ ಅದಕ್ಕಿಂತ ದೊಡ್ಡ ಔಷಧ ಯಾವ ಆಸ್ಪತ್ರೆಯಲ್ಲೂ ಸಿಗದು. ಹತ್ತು ದಿನವಾದ ಮೇಲೆ ಗಿರಿಜೆ ಹೆದರುತ್ತ ಹೆದರುತ್ತ ಬಂದು ನನ್ನ ಪಕ್ಕ ಮಲಗಿದಳು. ಅವಳ ನೆತ್ತಿಯ ವಾಸನೆ ಹೇಗಿದೆಯೆಂದು ನನಗೆ ಆ ದಿನ ಗೊತ್ತಾಯಿತು. ಆಮೇಲೆ ಅವಳ ಮೇಲೆ ಕೈ ಎತ್ತಿಲ್ಲ.

ನಲವತ್ತು ದಿನ ಮುಗಿದರೂ ನಾನು ಬಿಡಲಿಲ್ಲ. ಇವತ್ತಿಗೂ ಪ್ರತಿ ಶುಕ್ರವಾರ ಅತ್ತೆಯೇ ನನಗೆ ಎಣ್ಣೆ ಒತ್ತಿ ನೀರು ಹಾಕಬೇಕು. ಅವರಿಗೆ ವಯಸ್ಸಾಯಿತಲ್ಲವೇ ಎಂದು ನೆರೆಯವರು ಕೇಳುತ್ತಾರೆ. ಆಯಿತು, ಕೈಯಲ್ಲಿ ಕಸುವು ಮಾತ್ರ ಹಾಗೇ ಇದೆ ಎನ್ನುತ್ತೇನೆ. ಅವರನ್ನು ನಾನು ಕ್ಷಮಿಸಿಲ್ಲ. ಅವರೂ ಕ್ಷಮೆ ಕೇಳಿಲ್ಲ. ನಮ್ಮಿಬ್ಬರ ನಡುವೆ ಆ ಲೆಕ್ಕದಲ್ಲಿ ಜಗಳವಿಲ್ಲ.

ಕಳೆದ ಬೇಸಿಗೆಯಲ್ಲಿ ಗಿರಿಜೆಯನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ಎಷ್ಟೋ ವರ್ಷದಿಂದ ಯಾವ ಕೈಗಾಗಿ ಹಂಬಲಿಸಿದ್ದೆನೋ ಆ ಅವ್ವನ ಕೈ. ಶುಕ್ರವಾರ ಬೆಳಿಗ್ಗೆ ಅವಳು ತಾನಾಗಿಯೇ ಎಣ್ಣೆ ಕಾಯಿಸಿ ತಂದಳು. ನೆತ್ತಿಗೆ ತಟ್ಟಿದಳು, ಬೆನ್ನು ಸವರಿದಳು. ನನಗೆ ಏನೂ ತಾಕಲಿಲ್ಲ.

"ಇನ್ನ ಸ್ವಲ್ಪ ಜೋರ ಒತ್ತ ಬೇ" ಎಂದೆ.

ಒತ್ತಿದಳು. ಸಾಲಲಿಲ್ಲ. "ಇನ್ನೂ ಜೋರ ಅವ್ವಾ."

ಅವಳ ಕೈ ನಿಂತಿತು. "ಇದಕ್ಕಿಂತ ಜೋರ ಒತ್ತಾಕ ನನಗ ಮನಸ ಬರೂದಿಲ್ಲವಾ. ಯಾರ ಕೈ ರೂಢಿ ಆಗೇತಿ ನಿನಗ?"

ನಾನು ಬಚ್ಚಲ ಮಣೆಯ ಮೇಲೆ ಸರಿದು ಕೂತೆ. ಅವ್ವ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈಯಿಟ್ಟು ಹದ ನೋಡಿ, ನನ್ನ ತಲೆಯ ಮೇಲೆ ಮೆಲ್ಲಗೆ ಸುರಿದಳು. ನೀರು ಹದವಾಗಿತ್ತು. ನನಗೆ ಚಳಿಯಾಯಿತು.