ಕಾಲುವೆ ಗೇಟಿನಲ್ಲಿ ಮಗ ಎಸೆದ ಕಲ್ಲು

ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ನಮ್ಮ ಸಗರದ ಕಡೆಗೆ ಕಾಲುವೆ ನೀರು ಬಂದು ಆಗಿನ್ನೂ ಕೆಲವೇ ವರ್ಷ. ಕೈ ಉರಿಯುತ್ತಿತ್ತು, ಉರಿಯುವಷ್ಟು ಬೆಳೆ ಕೊಟ್ಟನಲ್ಲ ಶಿವ, ಅಂದುಕೊಳ್ಳುತ್ತಿದ್ದೆ. ಪಕ್ಕದ ಮನೆಯವಳು ಓಡುತ್ತ ಬಂದಳು.

"ಯಕ್ಕಾ, ನಿನ್ನ ಮಗ ಗೇಟ್ ಕಾಯಾಂವಗ ಕಲ್ಲಿಲೆ ಹೊಡದಾನಂತ. ದವಾಖಾನಿಗಿ ಒಯ್ದಾರ."

ಹದಿನಾರರ ಹುಡುಗ. ನಮ್ಮ ಹೊಲದ ನೀರಿನ ಪಾಳಿ ಮುಗಿದು ಎರಡು ದಿನವಾಗಿತ್ತು. ತಮ್ಮ ಹೊಲಗಳ ಪಾಳಿ ಬರುವ ಮೊದಲೇ ಗೇಟು ಎತ್ತು ಎಂದು ಜಗಳಕ್ಕೆ ಬಿದ್ದವರು ಅವನ ನಾಲ್ವರು ಗೆಳೆಯರು. ಇವನೇಕೆ ಹೋಗಬೇಕಿತ್ತು?

ದನದ ಕೊಟ್ಟಿಗೆಯಲ್ಲಿ ಅಡಗಿದ್ದವನ ರಟ್ಟೆ ಹಿಡಿದು ಎಳೆದೆ.

"ಯಾಕ ಹೊಡದಿ?"

"ನಾ ಒಲ್ಲೆ ಅಂದೆ ಯವ್ವಾ. ನಾಕೂ ಮಂದಿ ನಕ್ರು. ಬಳಿ ತೊಟಗೊಂಡು ನಿಮ್ಮವ್ವನ ಕೂಡ ಮೆಣಸಿನಕಾಯಿ ಬಿಡಸು, ಅಂದ್ರು."

"ಅಂದ್ರ ಏನಾತು? ಬಳಿ ತೊಟ್ಟ ಕೈ ಬಡಿದ ರೊಟ್ಟಿ ತಿಂದು ಬೆಳದಿಲ್ಲೇನು ನೀ?"

ತಲೆ ಎತ್ತಿದ. "ಹೋದ ವರ್ಷದ ಪಾಳ್ಯಾಗ ಅಪ್ಪ ನೀರ ಸಿಗದ ಬಂದಾಗ ನೀನೂ ಅಪ್ಪಗ, ಬಳಿ ತೊಟಗೋರಿ, ಅಂದಿದ್ದಿ."

ಅಂದಿದ್ದೆ. ಒಲೆಯ ಮುಂದೆ ಕೂತು, ಗಂಡನ ಮುಖಕ್ಕೇ. ಇವನ ಕೈಗೆ ಕಲ್ಲು ಕೊಟ್ಟು ತಾವು ದೂರ ನಿಂತ ಆ ನಾಲ್ವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ನಾಲಿಗೆಯ ಮೇಲೆ.

ನಾನೂ ಗಂಡನೂ ಮಗನನ್ನು ಶಹಾಪುರದ ದವಾಖಾನೆಗೆ ಕರೆದೊಯ್ದೆವು. ಕಲ್ಲು ಭುಜಕ್ಕೆ ಬಿದ್ದಿತ್ತು, ತಲೆಗಲ್ಲ. ಗೇಟು ಕಾಯುವವನು ಕಾಲುವೆಗೆ ಉರುಳಿರಲಿಲ್ಲ. ಇಷ್ಟಾದರೂ ಕಾಯ್ದೆಯಲ್ಲಪ್ಪಾ ಶಿವಾ, ಎಂದು ಕೈಮುಗಿದೆ. ಗೇಟು ಕಾಯುವವನ ಹೆಂಡತಿ ನನ್ನ ಮಗನನ್ನೇ ನೋಡಿದಳು.

"ಇಂವೇನ್ರಿ? ಇನ್ನೂ ಮೀಸಿನೂ ಬಂದಿಲ್ಲ. ನಮ್ಮ ಮನ್ಯಾರಿಗಿ ಒಂದ್ ತಿಂಗ್ಳ ಕೈ ಎತ್ತಾಕ ಬರಂಗಿಲ್ಲಂತ. ಗೇಟಿನ ಗಾಲಿ ಯಾರ ತಿರುವಬೇಕ್ರಿ?"

"ನಾನ ಒಗದೀನ್ರಿ," ಎಂದ ಮಗ. "ಗೇಟ್ ನಾ ತಿರುವತೀನ್ರಿ."

ಮಂಚದಲ್ಲಿದ್ದವನು ಕಣ್ಣು ತೆರೆಯದೆ ಹೇಳಿದ: "ಮೊದಲ ಠಾಣಾಕ್ಕ ಹೋಗಿ ಹೇಳು ತಮ್ಮಾ. ಗೇಟಿನ ಮಾತು ಆಮ್ಯಾಲೆ."

ಮಗ ಅಪ್ಪನ ಹಿಂದೆ ಠಾಣೆಗೆ ನಡೆದ. ಆ ನಾಲ್ವರಲ್ಲಿ ಒಬ್ಬನೂ ಜೊತೆಗೆ ಬರಲಿಲ್ಲ. ನಾನು ಮನೆಗೆ ಬಂದು, ಉಳಿದ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತೆ.