ಮೂಡಲಗಿರಿಯಪ್ಪನ ಹೊಸಿಲು ಹೋಳಿಗೆ

ಎದುರು ಮನೆಗೆ ಮೂಡಲಗಿರಿಯಪ್ಪ ಅನ್ನುವವರು ಬಾಡಿಗೆಗೆ ಬರುತ್ತಾರೆ ಎಂದಾಗ ನಾನು ಬಿಳಿ ಮೀಸೆಯ, ಪಂಚೆ ಉಟ್ಟ ಯಾವುದೋ ಯಜಮಾನರನ್ನು ಕಾದಿದ್ದೆ. ಲಗೇಜ್ ಆಟೋದಿಂದ ಇಳಿದವನು ಮೂವತ್ತು ದಾಟಿದ ಹುಡುಗ. ಮೊಣಕಾಲ ಚಡ್ಡಿ, ಎದೆಗೆ ಕಟ್ಟಿಕೊಂಡ ಕೂಸು, ಬೆರಳು ಹಿಡಿದ ನಾಲ್ಕು ವರ್ಷದ ಮಗಳು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದಾರೆ, ಅಷ್ಟೆ. ಹೆಸರಿಗೆ ತಕ್ಕ ಗಾಂಭೀರ್ಯ ಬರಲು ಇನ್ನೂ ಕಾಲವಿದೆ ಎಂದುಕೊಂಡೆ.

ನಾನು ರೇಣುಕಯ್ಯ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಪಾವಗಡದ ಬೆಟ್ಟದ ಕೆಳಗಿನ ನಮ್ಮ ಬೀದಿಯಲ್ಲಿ ಜಗಲಿಯ ಮೇಲೆ ಕೂತು, ಯಾರು ಬಂದರು ಯಾರು ಹೋದರು ಎಂದು ನೋಡುವ ಚಾಳಿ ಇನ್ನೂ ಬಿಟ್ಟಿಲ್ಲ. ಹಾಗಾಗಿ ಈ ಸಂಸಾರದ ವ್ಯವಸ್ಥೆ ನನಗೆ ಬೇಗನೆ ತಿಳಿಯಿತು. ಹೆಂಡತಿ ರಕ್ಷಾ ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಇಂಜಿನಿಯರ್. ಬೆಳಿಗ್ಗೆ ಜೀಪು ಬೀದಿಯ ತಿರುವಿನಲ್ಲಿ ಹಾರನ್ ಹೊಡೆದರೆ ಆಕೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುತ್ತಾಳೆ. ಹಿಂದೆಯೇ ಊಟದ ಡಬ್ಬಿ ಹಿಡಿದು ಇವನು ಓಡುತ್ತಾನೆ.

ಮಿಡಿಗೇಶಿಯ ಈ ಹುಡುಗ ಮಧುಗಿರಿ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದನಂತೆ. ಹೆಂಡತಿಗೆ ಇಲ್ಲಿಗೆ ಕೆಲಸವಾದಾಗ ಬಾಗಿಲು ಹಾಕಿದ.

"ಇಬ್ರಲ್ಲಿ ಒಬ್ರು ಮನೇಲಿರಬೇಕಲ್ವಾ ಯಜಮಾನ್ರೆ? ಅವಳ ಕೆಲ್ಸ ಗಟ್ಟಿ, ನಂದು ಸಡ್ಲ. ನಾನೇ ಉಳ್ಕಂಬುಟ್ಟೆ," ಎಂದು ಜಗಲಿಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಹೇಳಿದ. ನಮ್ಮ ಬೀದಿಯಲ್ಲಿ ಗಂಡಸು ಜಗಲಿಯಲ್ಲಿ ಕೂತು ಪೇಪರ್ ಓದಬಹುದು, ಹಲ್ಲಿಗೆ ಕಡ್ಡಿ ಹಾಕಬಹುದು, ಏನೂ ಮಾಡದೆಯೂ ಇರಬಹುದು. ಸೊಪ್ಪು ಬಿಡಿಸಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಪಕ್ಕದ ಮನೆಯ, ತೆಲುಗು ಮಾತಿನ ರಾಮಾಂಜಿನಮ್ಮ ಬಿಂದಿಗೆ ಹೊತ್ತವಳು ಹಾಗೇ ನಿಂತುಬಿಟ್ಟಳು.

"ಏಮಪ್ಪಾ, ಅಡಿಗೇನೂ ನೀನೇ ಚೇಸ್ತಾವಾ?"

"ಹೂಂ ಕಣಕ್ಕ. ಇವತ್ತು ಬಸ್ಸಾರು."

ರಾಮಾಂಜಿನಮ್ಮ ಬಿಂದಿಗೆಯನ್ನು ಮನೆಗೆ ಮುಟ್ಟಿಸುವ ಮೊದಲೇ ಸುದ್ದಿಯನ್ನು ಬೀದಿಗೆಲ್ಲ ಮುಟ್ಟಿಸಿದಳು.

ಬೀದಿಯ ಹೆಂಗಸರು ಕೆಟ್ಟವರಲ್ಲ. ನನ್ನ ಹೆಂಡತಿ ಚನ್ನಮಲ್ಲಮ್ಮನೇ ಅವರ ಮುಖಂಡೆ ಎಂದು ನಾನು ಹೀಗೆ ಹೇಳುತ್ತಿಲ್ಲ. ಅವರಿಗೆ ಸಂಕೋಚ. ಹಗಲೆಲ್ಲ ಗಂಡಸೊಬ್ಬನೇ ಇರುವ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗುವುದು ಹೇಗೆ? ಸುಮ್ಮನೆ ಕೂತು ಹರಟುವುದು ಹೇಗೆ? ಫಿಲ್ಟರ್ ನೀರಿನ ಘಟಕದ ಹತ್ತಿರ ಇವನು ಕ್ಯಾನು ಹಿಡಿದು ಸಾಲಿನಲ್ಲಿ ನಿಂತರೆ ನಡೆಯುತ್ತಿದ್ದ ಮಾತು ಗಕ್ಕನೆ ನಿಂತು, ಎಲ್ಲರೂ ನಲ್ಲಿಯನ್ನೇ ನೋಡುತ್ತಿದ್ದರು. ತಾಯಂದಿರು ಹೋಗದ ಮನೆಗೆ ಮಕ್ಕಳೂ ಹೋಗುವುದಿಲ್ಲ. ಅವನ ಮಗಳು ಮಾನ್ವಿ ಬಾಗಿಲಲ್ಲಿ ಕೂತು ಪುಟ್ಟ ಪಾತ್ರೆಗಳಲ್ಲಿ ಮಣ್ಣಿನ ಅಡಿಗೆ ಮಾಡಿ, ಬಡಿಸಲು ಯಾರೂ ಇಲ್ಲದೆ, ಬೀದಿಯಲ್ಲಿ ಕುಂಟೆಬಿಲ್ಲೆ ಆಡುವ ಮಕ್ಕಳನ್ನು ನೋಡುತ್ತಿದ್ದಳು. "ಅಪ್ಪಾ, ಮಿಡಿಗೇಶಿಗೆ ಯಾವಾಗ ಹೋಗದು?" ಎಂದು ಅವಳು ಕೇಳುವುದು ನಮ್ಮ ಜಗಲಿಗೂ ಕೇಳುತ್ತಿತ್ತು.

ಇದರ ಮೇಲೆ ಅವನ ಅತ್ತೆ ಓಬಳಮ್ಮ. ಚನ್ನರಾಯನದುರ್ಗದಿಂದ ದಿನಾ ಫೋನು. ಇವನು ಎರಡು ಕೈಗೂ ಕೆಲಸವಿದ್ದವನು, ಸ್ಪೀಕರ್ ಹಾಕಿ ಮಾತನಾಡುತ್ತಿದ್ದ. ಹಾಗಾಗಿ ಬೀದಿಗೆಲ್ಲ ಆಕೆಯ ಅಭಿಪ್ರಾಯ ಬಾಯಿಪಾಠವಾಗಿತ್ತು.

"ಅಳಿಮಯ್ಯ, ಗಂಡ್ಸು ಸಾಕೋ ಮನೆ ಎಷ್ಟು ದಿನ ನಡೀತೈತೆ? ಒಂದು ಹೆಂಗಸು ತಿರುಗಿ ನೋಡಲ್ವಂತೆ. ಕೂಸುಗಳ್ನ ನಮ್ಮೂರಿಗೆ ಕಳ್ಸು. ನಾನು ಸಾಕ್ತೀನಿ. ನೀವಿಬ್ರೂ ವಾರಕ್ಕೊಂದಪ ಬಂದು ನೋಡ್ಕಂಡೋಗಿ."

ಒಂದು ದಿನ ಇವನಿಗೂ ರೇಗಿತು. "ಅತ್ತೆ, ಗುಂಡ ಹೊಸಲು ದಾಟಿದ್ ಮೇಲೆ ಹೋಳಿಗೆ ಮಾಡ್ತೀನಿ, ಬನ್ನಿ. ಅವತ್ತು ನಮ್ಮನೆ ಮನೆ ತರ ಕಾಣದಿದ್ರೆ ಎರಡು ಮಕ್ಕಳ್ನೂ ಕರ್ಕಂಡೋಗಿ. ನಾನು ತುಟಿ ಪಿಟಕ್ ಅನ್ನಲ್ಲ."

ಅಂದುಬಿಟ್ಟ. ಆಡಿದ ಮಾತು, ಒಡೆದ ಮುತ್ತು. ಫೋನಿಟ್ಟ ಮೇಲೆ ಅವನ ಮುಖ ನೋಡಬೇಕಿತ್ತು, ಸುಣ್ಣ ಬಳಿದ ಹಾಗಾಗಿತ್ತು. ಮಕ್ಕಳನ್ನು ಬಿಟ್ಟಿರಲು ಅವನಿಂದ ಸಾಧ್ಯವೇ ಇರಲಿಲ್ಲ.

ಗುಂಡ ಎಂದರೆ ಕೂಸು. ಅಂಬೆಗಾಲಿಡುತ್ತಾ ಹೊಸಿಲವರೆಗೆ ಬರುವುದು, ಅದರ ಮೇಲೆ ಕೈಯಿಟ್ಟು ಬೀದಿಯನ್ನೆಲ್ಲ ಪರಾಂಬರಿಸುವುದು, ಹಿಂದಕ್ಕೆ ಹೋಗುವುದು. ಸ್ಟಾಪು ಬಂದರೂ ಇಳಿಯದೆ ಫುಟ್‌ಬೋರ್ಡಿನಲ್ಲಿ ನಿಲ್ಲುವ ಇಂಥ ಗಿರಾಕಿಗಳನ್ನು ನಾನು ಬಹಳ ಕಂಡಿದ್ದೇನೆ. ಕೊನೆಗೊಂದು ಬೆಳಿಗ್ಗೆ, ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ, ದಾಟಿಯೇ ಬಿಟ್ಟಿತು. ಮೂಡಲಗಿರಿಯಪ್ಪ ಕೂಗಿದ ಕೂಗಿಗೆ ಚೇಳು ಕಡಿಯಿತೇನೋ ಎಂದು ನಾನು ದೊಣ್ಣೆ ಹಿಡಿದು ಓಡಿದೆ. ಕೂಸು ಹೊರಗಿನ ಗೋಣಿತಾಟಿನ ಮೇಲೆ ಕೂತು ಚಪ್ಪಲಿ ಚೀಪುತ್ತಿತ್ತು. ಅಪ್ಪನ ಕಣ್ಣಲ್ಲಿ ನೀರು.

ನಮ್ಮ ಕಡೆ ಕೂಸು ಹೊಸಿಲು ದಾಟಿದರೆ ಹೋಳಿಗೆ ಮಾಡಬೇಕು. ಮಾಡಿ ತಾವೇ ತಿಂದರೆ ಅದು ಬರೀ ಊಟ. ನೆರೆಯ ಮುತ್ತೈದೆಯರು ಬಂದು ಕೂಸನ್ನು ಹೊಸಿಲ ಹತ್ತಿರ ಕೂರಿಸಿ ಆರತಿ ಎತ್ತಿದರೆ ಶಾಸ್ತ್ರ. ಅವರನ್ನು ಕರೆಯುವುದಕ್ಕೂ ಒಂದು ಕ್ರಮವಿದೆ. ಮನೆಯ ಹೆಂಗಸು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ, ಹಣೆಗಿಟ್ಟು ಕರೆಯಬೇಕು. ಬರೀ ಬಾಯಲ್ಲಿ ಹೇಳಿದರೆ ಕರೆದ ಹಾಗಲ್ಲ.

ರಕ್ಷಾಳಿಗೆ ರಜೆ ಸಿಗುವ ಭಾನುವಾರವೇ ಶಾಸ್ತ್ರಕ್ಕೆ ಗೊತ್ತಾಯಿತು. "ಶನಿವಾರ ಸಂಜೆ ನಾನೇ ಬಂದು ಕರೀತೀನಿ ಗಿರಿ," ಎಂದಳಂತೆ ಆಕೆ. ಇವನು ಒಪ್ಪಲಿಲ್ಲ. "ದುಡಿದು ಸುಸ್ತಾಗಿ ಬರ್ತೀಯ. ಮನೆ ನಡ್ಸೋನು ನಾನು, ಅಡಿಗೆ ನಂದು, ಕರೆಯೋದೂ ನಂದೇ." ಹಟಕ್ಕೆ ತಾತನ ಹೆಸರು ಚೆನ್ನಾಗಿ ಹೊಂದುತ್ತಿತ್ತು.

ಶನಿವಾರ ಸಂಜೆ ಇಸ್ತ್ರಿ ಮಾಡಿದ ಷರಟು ಹಾಕಿ, ಬಟ್ಟಲು ಹಿಡಿದು ಹೊರಟ. ಮೊದಲು ರಾಮಾಂಜಿನಮ್ಮನ ಬಾಗಿಲು. ಆಕೆ ಹೊರಗೆ ಬಂದಳು. ಇವನು ಬೆರಳನ್ನು ಕುಂಕುಮದಲ್ಲಿ ಅದ್ದಿ ಎತ್ತಿದ. ಅಲ್ಲಿಗೆ ನಿಂತ. ಪರರ ಹೆಂಡತಿಯ ಹಣೆಗೆ ಕುಂಕುಮ ಇಡುವುದುಂಟೇ? ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಕೆಂಪು ಬೆರಳು ಗಾಳಿಯಲ್ಲೇ ಉಳಿಯಿತು. ಇಟ್ಟರೆ ಅನಾಹುತ, ಇಡದೆ ಒರೆಸಿಕೊಂಡರೆ ಅಪಶಕುನ. ಬಾಗಿಲ ಪಕ್ಕದಲ್ಲಿ ಆಕೆಯ ಗಂಡ ಬೀಡಿ ಸೇದುತ್ತಾ ಕೂತಿದ್ದ. ಇವನು ಸರಕ್ಕನೆ ಅತ್ತ ತಿರುಗಿ ಆ ಕುಂಕುಮವನ್ನು ಅವನ ಹಣೆಗಿಟ್ಟು, "ನಾಳೆ ನಮ್ಮನೇಲಿ ಹೊಸಲು ಹೋಳಿಗೆ, ಬರಬೇಕು," ಎಂದು ಕೈ ಮುಗಿದ.

ಒಂದು ಸಲ ದಾರಿ ಸಿಕ್ಕ ಮೇಲೆ ಬಿಡುತ್ತಾನೆಯೇ? ಬೀದಿಯುದ್ದಕ್ಕೂ ಗಂಡಸರ ಹಣೆಗೆ ಕುಂಕುಮ ಇಡುತ್ತಾ ಬಂದ. ದಿನಸಿ ಅಂಗಡಿಯ ನಂದೀಶ್ವರಯ್ಯನಿಗೆ ತಕ್ಕಡಿಯ ಮುಂದೆಯೇ ಇಟ್ಟ. ನನಗೂ ಇಟ್ಟ. ಮದುವೆಯ ದಿನ ಬಿಟ್ಟರೆ ನನ್ನ ಹಣೆಗೆ ಯಾರೂ ಅಷ್ಟು ಶ್ರದ್ಧೆಯಿಂದ ಕುಂಕುಮ ಇಟ್ಟದ್ದಿಲ್ಲ. ಒಳಗೆ ಬಂದು ಚನ್ನಮಲ್ಲಮ್ಮನಿಗೆ, "ನಾಳೆ ಹೋಗಬೇಕಲ್ಲೇ," ಎಂದೆ.

"ಕುಂಕುಮ ನಿಮಗಿಟ್ಟವ್ನೆ, ನೀವೋಗಿ. ನನ್ನನ್ನೇನು ಕರೆದ್ನಾ?" ಎಂದಳು.

ಭಾನುವಾರ ಬೆಳಕು ಹರಿಯುವ ಮೊದಲೇ ಇನ್ನೊಂದು ಎಡವಟ್ಟು. ಪಾರ್ಕಿನಲ್ಲಿ ಏನೋ ಕೆಟ್ಟಿತೆಂದು ಜೀಪು ಬಂದು ರಕ್ಷಾಳನ್ನು ಕರೆದೊಯ್ದಿತು. ರಜೆಯೂ ಹೋಯಿತು, ಮನೆಗಿದ್ದ ಒಬ್ಬ ಹೆಂಗಸೂ ಹೋದಳು.

ಹೇಳಿದ ಹೊತ್ತಿಗೆ ನಾವು ಕುಂಕುಮದ ಗಂಡಸರೆಲ್ಲ ಹೋಗಿ ಹಾಲಿನಲ್ಲಿ ಗೋಡೆಗೊರಗಿ ಕೂತೆವು. ನಡುವೆ ಚಾಪೆಯ ಮೇಲೆ ಗುಂಡ. ಅವನು ನಮ್ಮನ್ನು ನೋಡಿದ, ನಾವು ಅವನನ್ನು ನೋಡಿದೆವು. ಮಾನ್ವಿ ಹೊಸ ಲಂಗ ಹಾಕಿಕೊಂಡು ಬಾಗಿಲಿಗೂ ಒಳಕ್ಕೂ ಓಡಾಡಿ, ಬಂದವರೆಲ್ಲ ಬರೀ ತಾತಂದಿರೇ ಎಂದು ತಿಳಿದು ಮೂಲೆ ಸೇರಿದಳು. ಅಡಿಗೆಮನೆಯಿಂದ ತುಪ್ಪದ ಘಮ ಬರುತ್ತಿತ್ತು.

"ಆರತಿ ಎತ್ತೋರು ಯಾರು?" ಎಂದು ನಂದೀಶ್ವರಯ್ಯ ಕೇಳಿದ. ಎಲ್ಲರೂ ಕ್ಯಾಲೆಂಡರ್ ನೋಡಿದೆವು. "ಬೇಕಾದ್ರೆ ಒಂದು ಭಜನೆ ಹೇಳ್ತೀನಿ," ಎಂದ ರಾಮಾಂಜಿನಮ್ಮನ ಗಂಡ. ಬೇಡವೆಂದೆವು. ಮೂಡಲಗಿರಿಯಪ್ಪ ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೀದಿಯನ್ನು ನೋಡುತ್ತಲೇ ಇದ್ದ. ಯಾವ ಹೆಂಗಸೂ ಬರಲಿಲ್ಲ. ತಾನು ಕರೆದದ್ದು ಯಾರನ್ನು ಎಂಬುದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ.

ಬಂದದ್ದು ಓಬಳಮ್ಮ. ಎತ್ತರದ ಹೆಂಗಸು, ಹಣೆಯಲ್ಲಿ ಕಾಸಗಲ ಕುಂಕುಮ, ಕೈಯಲ್ಲಿ ದೊಡ್ಡದೊಂದು ಖಾಲಿ ಚೀಲ. ಖಾಲಿ ಚೀಲ ಹಿಡಿದು ಬಂದವರು ಏನನ್ನೋ ಒಯ್ಯಲು ಬಂದವರು ಎಂದು ಕಂಡಕ್ಟರಿಗೆ ಬೇರೆ ಹೇಳಬೇಕಾಗಿಲ್ಲ. ಆಕೆ ಹೊಸಿಲಲ್ಲಿ ನಿಂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಏನಳಿಮಯ್ಯ, ಪಂಚಾಯ್ತಿ ಸೇರ್ಸಿದೀಯಾ? ಹೆಂಗಸ್ರೆಲ್ಲಿ?"

"ಕರೆದೆ ಅತ್ತೆ."

"ಯಾರ್ನ ಕರೆದೆ?"

ಅವನು ಸೌಟಿನಿಂದ ನಮ್ಮ ಕಡೆ ತೋರಿಸಿದ. "ಹೆಂಗಸ್ರ ಹಣೆಗೆ ನಾನೆಂಗಿಡ್ಲಿ ಅತ್ತೆ? ಅದಕ್ಕೆ ಇವ್ರಿಗಿಟ್ಟೆ," ಎಂದ. ಅಳು ಬರುವಂತಿತ್ತು.

ಆಕೆ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಸೀದಾ ಅಡಿಗೆಮನೆಗೆ ಹೋದಳು. ಅಲ್ಲಿ ಹೋಳಿಗೆಯ ರಾಶಿ, ಕುದಿಸಿ ಆರಿಸಿಟ್ಟ ಕೂಸಿನ ಬಾಟಲಿಗಳು, ಒಗೆದು ಮಡಿಸಿಟ್ಟ ಬಟ್ಟೆ. ಒಂದು ಹೋಳಿಗೆಯನ್ನು ಎತ್ತಿ ತಿರುಗಿಸಿ ನೋಡಿ ಅಲ್ಲೇ ಇಟ್ಟಳು. ಅಳಿಯನ ಕೈಯನ್ನು ಹಿಡಿದು ತಿರುಗಿಸಿದಳು. ಬೆರಳೆಲ್ಲ ಸುಟ್ಟು ಬೊಬ್ಬೆ ಎದ್ದಿತ್ತು. "ಎಣ್ಣೆ ಹಚ್ಕಬಾರ್ದಾ?" ಎಂದಳು. ಆಮೇಲೆ ಕೈಕಾಲು ತೊಳೆದು, ಸೆರಗು ಹೊದ್ದು, ಆರತಿ ತಟ್ಟೆಯಲ್ಲಿದ್ದ ಕುಂಕುಮದ ಬಟ್ಟಲು ಎತ್ತಿಕೊಂಡು ಬೀದಿಗಿಳಿದಳು.

ನಾನು ಕಿಟಕಿಗೆ ಓಡಿದೆ. ನಮ್ಮ ಮನೆಯ ಬಾಗಿಲಲ್ಲೇ ಮೊದಲು ನಿಂತಳು. ಚನ್ನಮಲ್ಲಮ್ಮ ಹೊರಬಂದಳು. ರೇಷ್ಮೆ ಸೀರೆ! ಮಲ್ಲಿಗೆ ಬೇರೆ! ಹೋಗುವುದಿಲ್ಲ ಎಂದವಳು ಬೆಳಿಗ್ಗೆಯಿಂದ ಸಿಂಗಾರ ಮಾಡಿಕೊಂಡು ಕಾದಿದ್ದಾಳೆ.

"ನಮ್ಮನೇಲಿ ಮೊಮ್ಮಗ ಹೊಸಲು ದಾಟವ್ನೆ. ಅಡಿಗೆ ನನ್ನ ಅಳಿಯಂದು. ಬರಬೇಕು ಕಣಮ್ಮ," ಎಂದು ಓಬಳಮ್ಮ ಹಣೆಗೆ ಕುಂಕುಮ ಇಟ್ಟಳು. ರಾಮಾಂಜಿನಮ್ಮನ ಮನೆಯಲ್ಲೂ ಅದೇ ಮಾತು, ಅದರಾಚೆಯ ಮನೆಯಲ್ಲೂ ಅದೇ. ಎಲ್ಲ ಬಾಗಿಲುಗಳಲ್ಲೂ ಹೆಂಗಸರು ಹೂ ಮುಡಿದು ಸಿದ್ಧವಾಗಿಯೇ ಇದ್ದರು. ಕರೆಯದೆ ಬರುವುದು ಹೇಗೆಂದು ಅವರೂ ಒದ್ದಾಡುತ್ತಿದ್ದರು.

ಆಮೇಲಿನದು ಜಾತ್ರೆ. ಹೆಂಗಸರು ಬಂದ ರಭಸಕ್ಕೆ ನಮ್ಮನ್ನು ಜಗಲಿಗೆ ದಬ್ಬಿದರು. ಕನ್ನಡದ ಆರತಿ ಹಾಡು ಮುಗಿಯುವ ಮೊದಲೇ ರಾಮಾಂಜಿನಮ್ಮ ತೆಲುಗಿನದು ಎತ್ತಿಕೊಂಡಳು. ಗುಂಡ ಆರತಿ ತಟ್ಟೆಗೇ ಕೈ ಹಾಕಿದ. ತಾಯಂದಿರ ಹಿಂದೆ ಬಂದ ಮಕ್ಕಳು ಮಾನ್ವಿಯ ಪುಟ್ಟ ಪಾತ್ರೆಗಳನ್ನೆಲ್ಲ ಬೀದಿಗೆ ಎಳೆದುಕೊಂಡು ಹೋದವು. ಅವಳು ಎಲ್ಲರಿಗೂ ಗದರುತ್ತಾ ಮಣ್ಣಿನ ಅಡಿಗೆ ಬಡಿಸಿದಳು.

"ಓಳಿಗ ಚಾಲಾ ಬಾಗುಂದಪ್ಪಾ! ಯಾರು ಹೇಳ್ಕೊಟ್ರು?" ಎಂದಳು ರಾಮಾಂಜಿನಮ್ಮ.

"ಕಣಕ ದಪ್ಪಾತು," ಎಂದಳು ಓಬಳಮ್ಮ, ಮೂರನೆಯದನ್ನು ತಿನ್ನುತ್ತಾ.

ಬಿಸಿಲು ಇಳಿಯುವ ಹೊತ್ತಿಗೆ ಆಕೆ ಬಸ್ಸಿಗೆ ಹೊರಡಲು ಎದ್ದಳು. ಮೂಡಲಗಿರಿಯಪ್ಪ ಒಳಗೆ ಹೋಗಿ ಮಕ್ಕಳ ಬಟ್ಟೆಗಳನ್ನು ಎರಡು ಕೈಯಲ್ಲಿ ಹೊತ್ತು ತಂದ. ಮನೆ ಮನೆಯಂತೆ ಕಂಡಿತೋ ಇಲ್ಲವೋ ಹೇಳಬೇಕಾದವಳು ಆಕೆ, ಇವನು ಮಾತು ಕೊಟ್ಟವನು. "ನೀವು ಬರೋತಂಕ ಒಂದು ಹೆಂಗಸೂ ಬಂದಿರಲಿಲ್ಲ ಅತ್ತೆ. ಸೋತೋದೆ. ಎಲ್ಲಾ ಜೋಡ್ಸಿದೀನಿ," ಎಂದ.

ಓಬಳಮ್ಮ ಬಟ್ಟೆಗಳನ್ನು ನೋಡಿದಳು, ಬೀದಿಯಲ್ಲಿ ಕೂಗಾಡುತ್ತಿದ್ದ ಮಾನ್ವಿಯನ್ನು ನೋಡಿದಳು.

"ನಮ್ಮನೆ ನಮ್ಮನೆ ಅಂತ ಬೀದಿಗೆಲ್ಲ ಕುಂಕುಮ ಇಟ್ಟು ಕರೆದ್ಬಂದೋಳು ನಾನು. ಈಗ ಮಕ್ಕಳ್ನೇ ಎತ್ಕಂಡೋದ್ರೆ ನಾಳೆ ಇವ್ರೆಲ್ಲ ಯಾರ ಮನೆಗೆ ಬರ್ತಾರೆ? ಒಳಗಿಡು ಹೋಗು."

ಅವನು ಒಳಗೆ ಹೋಗಿ ಬೀರುವಿನ ಮುಂದೆ ಕೂತ. ಗಂಡಸರು ಅಳುವುದನ್ನು ನಾನು ಬಸ್ಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಪುಟ್ಟ ಪುಟ್ಟ ಲಂಗಗಳನ್ನು ಮತ್ತೆ ಮಡಿಸಿ ಒಳಗಿಡುತ್ತಾ ಅಳುವವನನ್ನು ನೋಡಿದ್ದು ಅವತ್ತೇ.